ಪೈಲ್ವಾನ್ ನೊಣಗಳ ಊಟ

ಗಂಜಿ ತಳ ಹಿಡಿದದ್ದೇ ಎಲ್ಲಕ್ಕೂ ಮೂಲ. ಮನುಷ್ಯರ ಗಂಜಿಯಲ್ಲ, ನೊಣಗಳದ್ದು. ಕೀಟ ಸಂಶೋಧನಾಲಯದಲ್ಲಿ ಹಣ್ಣಿನ ನೊಣ ಸಾಕುವವನನ್ನು ಎಲ್ಲರೂ ನೊಣಪ್ಪ ಅಂತಲೇ ಕರೆಯುತ್ತಿದ್ದರು. ಕೋಪ ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅವಳನ್ನು ಫೋನಿನಲ್ಲಿ ಸಮಾಧಾನ ಮಾಡುತ್ತ ನಿಂತಾಗಲೇ ಗಂಜಿ ಸೀದು ಕರಕಲಾಗಿ, ತಳದ ಮೇಲಿನ ನಾಲ್ಕು ಸೌಟು ಮಾತ್ರ ಉಳಿಯಿತು. ಮತ್ತೆ ಬೇಯಿಸಲು ಹಿಟ್ಟೂ ಇರಲಿಲ್ಲ.

ಅವನ ಬಳಿ ಎರಡು ಬಗೆಯ ನೊಣಗಳಿದ್ದವು. ಬಿಳಿಗಣ್ಣಿನವು ಸಾದಾ ಸೀದಾ. ಕೆಂಗಣ್ಣಿನವು ಪೈಲ್ವಾನರು. ಒಂದು ಜಾತಿಯ ಪುಟ್ಟ ಕಣಜ ನೊಣದ ಮರಿಹುಳದೊಳಗೆ ಮೊಟ್ಟೆಯಿಡುತ್ತದೆ. ಹುಟ್ಟಿದ ಕಣಜದ ಮರಿ ಆ ಹುಳವನ್ನು ಒಳಗಿನಿಂದಲೇ ತಿಂದು ಮುಗಿಸುತ್ತದೆ. ನೊಣಪ್ಪ ತಿಂಗಳುಗಟ್ಟಲೆ ಪ್ರತಿ ತಲೆಮಾರಿನ ಮೇಲೂ ಕಣಜ ಬಿಟ್ಟು, ಬದುಕುಳಿದವುಗಳ ಸಂತಾನವನ್ನೇ ಬೆಳೆಸಿ, ಆ ಮೊಟ್ಟೆಯನ್ನು ರಕ್ತದಲ್ಲೇ ಉಸಿರುಗಟ್ಟಿಸುವ ವಂಶವೊಂದನ್ನು ತಯಾರು ಮಾಡಿದ್ದ. ಅದನ್ನು ನೋಡಲು ದೊಡ್ಡ ವಿಜ್ಞಾನಿಯೊಬ್ಬರು ಬರುವವರಿದ್ದರು. ಅವರು ಮೆಚ್ಚಿದರೆ ಅವನನ್ನು ಚಿಟ್ಟೆ ಕೋಣೆಗೆ ಹಾಕುವುದಾಗಿ ಸಂಶೋಧನಾಲಯದ ಮುಖ್ಯಸ್ಥೆ ಮೇಡಂ ಮಾತು ಕೊಟ್ಟಿದ್ದರು. ಅಲ್ಲಿ ಹೂವಿನ ವಾಸನೆ. ಇಲ್ಲಿನ ಹುಳಿ ವಾಸನೆಗೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು.

"ಗಂಜಿ ಸಾಲದಿದ್ರೆ ಎರಡು ಜಾತಿ ಹುಳಾನೂ ಒಂದೇ ಬಾಟಲಿಗೆ ಹಾಕು," ಎಂದಿದ್ದಳು ಪಕ್ಕದ ಕೋಣೆಯಲ್ಲಿ ಜೇಡ ಸಾಕುವ ಜೇಡದಕ್ಕ. "ನಿನ್ನವು ಪೈಲ್ವಾನ್ರಲ್ವಾ? ಕಿತ್ಕೊಂಡು ತಿಂತಾವೆ ಬಿಡು."

ಇದ್ದಬದ್ದ ಹುಳವನ್ನೆಲ್ಲ ಹಾಕಿದ. ಹುಳಗಳು ನೊಣಗಳಾಗಿ ಹೊರಬಂದ ದಿನವೇ ವಿಜ್ಞಾನಿ ಬರುವ ದಿನವೂ ಆಯಿತು. ಬೆಳಿಗ್ಗೆ ಬಾಟಲಿ ಎತ್ತಿ ನೋಡಿದ. ಒಳಗೆ ಬಿಳಿಗಣ್ಣೇ ಬಿಳಿಗಣ್ಣು. ಪೈಲ್ವಾನರು ಹಸಿದು, ಹುಳವಾಗಿದ್ದಾಗಲೇ ಸತ್ತಿದ್ದರು.

"ಕಣ್ಣಿಗೆ ಸ್ವಲ್ಪ ಲಿಪ್‌ಸ್ಟಿಕ್ ಹಚ್ಚಿಬಿಡೋಣ್ವಾ?" ಎಂದಳು ಜೇಡದಕ್ಕ.

"ನೊಣದ ಕಣ್ಣಿಗಾ?"

"ಹಾಗಾದ್ರೆ ಕ್ಯಾಂಟೀನಿಗೆ ಓಡು. ಬಾಳೆಹಣ್ಣಿನ ಮೇಲಿರೋವೆಲ್ಲ ಕೆಂಗಣ್ಣಿನವೇ."

ನೊಣಪ್ಪ ಓಡಿದ. ನಡುವೆ ಜಾಲರಿ ಬಟ್ಟೆ ಸಿಕ್ಕಿಸಿದ ರಬ್ಬರ್ ಕೊಳವೆಯ ಒಂದು ತುದಿಯನ್ನು ಬಾಯಲ್ಲಿಟ್ಟು, ಇನ್ನೊಂದನ್ನು ಹಣ್ಣಿನ ಬುಟ್ಟಿಗೆ ಹಿಡಿದು, ಎಳನೀರು ಹೀರುವವನಂತೆ ನೊಣ ಹೀರತೊಡಗಿದ. ಕ್ಯಾಂಟೀನಿನ ಯಜಮಾನ ಹೌಹಾರಿ ಬಂದ.

"ಏನ್ರೀ ಇದು? ನಮ್ಮಲ್ಲಿ ನೊಣ ಇಲ್ಲ!"

"ನಾನೇ ಹಿಡ್ಕೊಂಡು ಹೋಗ್ತೀನಲ್ಲ."

"ಇಲ್ಲದ ನೊಣ ಹೆಂಗ್ರೀ ಹಿಡೀತೀರಾ?"

ಮೂಲೆಯ ಮೇಜಿನಲ್ಲಿ ಹಣ್ಣು ತಿನ್ನುತ್ತಿದ್ದ ಮುದುಕರೊಬ್ಬರು ಮಾತ್ರ ನಗುತ್ತ ತಮ್ಮ ತಟ್ಟೆಯನ್ನೇ ಮುಂದಕ್ಕೆ ತಳ್ಳಿದರು. "ಇಲ್ಲೂ ಒಂದಿಷ್ಟಿವೆ. ನಿಧಾನಕ್ಕೆ, ನುಂಗಿಬಿಟ್ಟೀರಿ."

ಪುಣ್ಯಾತ್ಮರು ಎಂದು ಮನಸ್ಸಿನಲ್ಲೇ ಕೈಮುಗಿದು, ಆ ತಟ್ಟೆಯನ್ನೂ ಬಳಿದುಕೊಂಡು ನೊಣಪ್ಪ ಹಿಂದಿರುಗಿದ. ಬಾಟಲಿಗೆ 'ಪೈಲ್ವಾನ್' ಎಂದು ಚೀಟಿ ಅಂಟಿಸುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಮೇಡಂ ಹಿಂದೆ ಬಂದ ದೊಡ್ಡ ವಿಜ್ಞಾನಿ ಅದೇ ಮುದುಕರು.

ಅವರು ಕುರ್ಚಿಯಲ್ಲಿ ಕೂತು ಬಾಟಲಿಯನ್ನು ಬೆಳಕಿಗೆ ಹಿಡಿದರು. "ಇವರನ್ನ ನನ್ನ ತಟ್ಟೇಲಿ ನೋಡಿದ ಹಾಗಿದೆ."

ನೊಣಪ್ಪ ಎಲ್ಲವನ್ನೂ ಹೇಳಿಬಿಟ್ಟ. ಸೀದ ಪಾತ್ರೆ, ಒಂದೇ ಬಾಟಲಿ, ಸತ್ತ ಹುಳಗಳು, ಎಲ್ಲ. ಮೇಡಂ ಮುಖ ಕಪ್ಪಿಟ್ಟಿತು. ಮುದುಕರು ಮಾತ್ರ ಕುರ್ಚಿಯಿಂದ ಜಿಗಿದೆದ್ದರು.

"ನಾವು ಇಷ್ಟು ದಿನ ಕೇಳ್ತಾ ಇದ್ದದ್ದು ಇದನ್ನೇ ಅಲ್ವೇನಮ್ಮಾ! ಇಷ್ಟು ಗಟ್ಟಿ ಇದ್ರೆ ಪ್ರಪಂಚದ ನೊಣವೆಲ್ಲ ಯಾಕೆ ಪೈಲ್ವಾನ್ ಆಗಿಲ್ಲ? ರಕ್ತದಲ್ಲಿ ಸೈನ್ಯ ಸಾಕೋ ಹುಳ ಊಟದಲ್ಲಿ ನಿಧಾನ. ಹೊಟ್ಟೆ ತುಂಬ ಇದ್ದಾಗ ಅದು ಗೊತ್ತಾಗಲ್ಲ. ಕೊರತೆ ಬಿದ್ದಾಗ ಸಾದಾ ಹುಳ ಬಾಚಿ ತಿಂದು ಗೆಲ್ಲುತ್ತೆ. ಕಣಜ ಇಲ್ಲದ ಕಡೆ ಈ ಶಕ್ತಿ ಬರೀ ಭಾರ!"

ಮೇಡಂ ಮುಖ ಅರಳಿತು. "ನೋಡಿ ಸರ್, ನಮ್ಮ ಹುಡುಗನ ಕೈಗುಣ!"

ನೊಣಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಬೆನ್ನು ನೆಟ್ಟಗಾಯಿತು. "ಹಾಗಾದ್ರೆ ಮೇಡಂ... ಚಿಟ್ಟೆ ಕೋಣೆ?"

"ಚಿಟ್ಟೆನ ಯಾರು ಬೇಕಾದ್ರೂ ಸಾಕ್ತಾರಪ್ಪ," ಎಂದರು ಮೇಡಂ. "ಆದ್ರೆ ಒಂದು ಸಲ ಆಕಸ್ಮಿಕವಾಗಿ ಆದದ್ದು ಪುರಾವೆ ಆಗಲ್ಲ. ನಿನ್ನ ಪೈಲ್ವಾನ್‌ಗಳಂತೂ ಒಂದೂ ಉಳಿದಿಲ್ಲ. ಮೊದಲ ತಲೆಮಾರಿನಿಂದ ಶುರು ಮಾಡು. ತಯಾರಾದ ಮೇಲೆ ಬೇಕಂತಲೇ ಉಪವಾಸ ಕೆಡವೋಣ."

ಅಷ್ಟರಲ್ಲಿ ಮುದುಕರು ಕೋಟು ಕಳಚಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಕುರ್ಚಿಯನ್ನು ನೊಣಪ್ಪನ ಮೇಜಿನ ಪಕ್ಕಕ್ಕೇ ಎಳೆದುಕೊಂಡರು.

"ಮುಗಿಯೋವರೆಗೂ ನಾನೂ ಇಲ್ಲೇ ಇರ್ತೀನಿ," ಎಂದರು ಪ್ರೀತಿಯಿಂದ. "ನಾನು ಸ್ವಲ್ಪ ಜಾಸ್ತಿ ಪ್ರಶ್ನೆ ಕೇಳ್ತೀನಿ. ಬೇಜಾರಿಲ್ಲ ತಾನೆ?"