ನಾಲ್ಕೂ ಕಾಲಕ್ಕೆ ನಾಲ್ಕೇ ಟೈರು

ಎರ್ವಿನ್ ಕ್ನಾಡ್ಲರನ ಮನೆಯ ನೆಲಮಾಳಿಗೆಯಲ್ಲಿ ನಾಲ್ಕು ಟೈರುಗಳು ಬಾಡಿಗೆ ಕೊಡದೆ ವಾಸವಾಗಿದ್ದವು. ಅಕ್ಟೋಬರಿನಲ್ಲಿ ಬೇಸಿಗೆಯವು ಕೆಳಗಿಳಿದರೆ ಹಿಮದಲ್ಲಿ ಜಾರದ ಚಳಿಗಾಲದವು ಕಾರಿಗೇರುತ್ತಿದ್ದವು. ಈಸ್ಟರ್ ಬಂದರೆ ಅವು ಕೆಳಗೆ, ಇವು ಮೇಲೆ. ರಾಯ್ಟ್ಲಿಂಗೆನ್ ಊರಿನಲ್ಲಿ ಸಂಸಾರವಂದಿಗರೆಲ್ಲ ಹೀಗೆಯೇ ಬದುಕುತ್ತಾರೆ. ಆದರೆ ಅವನ ಹೆಂಡತಿ ಗುಡ್ರುನ್‌ಗೆ ಈ ವರ್ಷ ಸಾಕಾಗಿತ್ತು.

"ಒಂದೋ ಈ ಟೈರು ಇಲ್ಲಿರ್ಬೇಕು, ಇಲ್ಲಾ ನನ್ನ ಪ್ಲಮ್ ಜಾಮು ಇರ್ಬೇಕು. ಹುಳಿ ಎಲೆಕೋಸಿಗೂ ರಬ್ಬರ್ ವಾಸನೆ! ನಮ್ಮಮ್ಮ ತಿಂದು ಏನಂದ್ಲು ಗೊತ್ತಾ? 'ರುಚಿಯಾಗಿದೆ ಕಣೇ, ಮಳೇಲಿ ಜಾರಲ್ಲ ತಾನೆ?' ಅಂದ್ಲು."

ಆಗ ಎರ್ವಿನ್‌ಗೆ ಹೊಳೆದದ್ದು ಸರ್ವಋತು ಟೈರು. ವರ್ಷವಿಡೀ ಒಂದೇ ಜೊತೆ, ಕಳಚುವುದಿಲ್ಲ, ಹೊರುವುದಿಲ್ಲ. ಆದರೆ ಅವನದು ಮುನ್ನೂರ ತೊಂಬತ್ತು ಕುದುರೆ ಶಕ್ತಿಯ ಕೆಂಪು ಕಾರು. ಅಂಥದಕ್ಕೆ ಸರ್ವಋತು ಟೈರೆಂದರೆ ಜಟ್ಟಿಗೆ ಹವಾಯಿ ಚಪ್ಪಲಿ ತೊಡಿಸಿದಂತೆ ಎಂದು ಬೌಲಿಂಗ್ ಕ್ಲಬ್ಬಿನ ಗೆಳೆಯರು ನಕ್ಕರು. ತನ್ನಂಥ ಉಗ್ರ ಚಾಲಕನಿಗೆ ಒಗ್ಗುವ ಟೈರು ಭೂಮಂಡಲದಲ್ಲಿ ಎಲ್ಲಿದ್ದರೂ ಬಿಡಲಾರೆನೆಂದು ಎರ್ವಿನ್ ಪಣ ತೊಟ್ಟ. (ತನ್ನನ್ನು ಉಗ್ರ ಚಾಲಕನೆಂದು ಅವನು ಮನಸಾರೆ ನಂಬಿದ್ದ. ಅದೊಂದನ್ನು ಬಿಟ್ಟರೆ ಐವತ್ತಾರರ ವಯಸ್ಸಿನಲ್ಲಿ ಅವನ ಬಳಿ ಹೆಮ್ಮೆಪಡುವಂಥದ್ದು ಹೆಚ್ಚೇನೂ ಇರಲಿಲ್ಲ.)

ಆರು ವಾರ ಕಾರಿನ ಪತ್ರಿಕೆ ಓದಿದ, ಪಟ್ಟಿ ಬರೆದ. ಒದ್ದೆ ರಸ್ತೆಯ ಬ್ರೇಕು, ಹಿಮದ ಹಿಡಿತ, ಗದ್ದಲ, ತಿರುವು. ಒಂದೊಂದಕ್ಕೂ ಒಂದೊಂದು ಬಣ್ಣ.

"ಮದುವೆಗೆ ಮುಂಚೆ ನನ್ನ ಬಗ್ಗೆ ಇಷ್ಟು ವಿಚಾರಿಸಿದ್ಯಾ?" ಎಂದಳು ಗುಡ್ರುನ್.

"ನಿನ್ನ ವಿಷಯದಲ್ಲಿ ಒಂದೇ ಮಾದರಿ ಇತ್ತಲ್ಲ!"

ಶನಿವಾರ ಬೆಳಿಗ್ಗೆ, ಚಳಿಗಾಲದ ಹಳೆ ಟೈರುಗಳನ್ನು ಒಪ್ಪಿಸಿಬಿಡಲೆಂದು ಕಾರಿಗೆ ತುಂಬಿದರು. ಡಿಕ್ಕಿಯಲ್ಲಿ ಒಂದು, ಹಿಂದೆ ಎರಡು, ನಾಲ್ಕನೆಯದು ಗುಡ್ರುನ್‌ಳ ತೊಡೆಯ ಮೇಲೆ.

ಟೈರಂಗಡಿಯ ಬೋಸಿಂಗರ್ ನಲವತ್ತು ವರ್ಷದ ವ್ಯಾಪಾರಿ. ಗಿರಾಕಿಯ ಮಾತನ್ನು ಕಿವಿಯಿಂದ ಕೇಳುತ್ತಿದ್ದ. ನಂಬುತ್ತಿದ್ದದ್ದು ಮಾತ್ರ ತನ್ನ ಬೆರಳನ್ನು. ಎರ್ವಿನ್ ಸರ್ವಋತು ಟೈರು ಬೇಕೆಂದು ಪಟ್ಟಿ ಬಿಚ್ಚುವಷ್ಟರಲ್ಲಿ ಅವನ ಹೆಬ್ಬೆರಳು ಚಳಿಗಾಲದ ಟೈರಿನ ಅಂಚನ್ನು ಸವರುತ್ತಿತ್ತು.

"ಅಬ್ಬಬ್ಬಾ! ಕಾರು ಓಡಿಸೋದು ಅಂದ್ರೆ ಇದು ಸ್ವಾಮಿ. ಹೊರಗಡೆ ಅಂಚು ನೋಡಿ, ಹೆಂಗೆ ಉಜ್ಜಿಹೋಗಿದೆ. ಒಂದು ತಿರುವನ್ನೂ ಸುಮ್ನೆ ಬಿಟ್ಟಿಲ್ಲ."

ಎರ್ವಿನ್‌ನ ಎದೆ ಎರಡಂಗುಲ ಉಬ್ಬಿತು. "ಏನೋ, ಚಿಕ್ಕಂದಿನಿಂದ ಅಭ್ಯಾಸ."

ಬೋಸಿಂಗರ್ ಕಾರಿನ ಬಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತು, ಅದಕ್ಕಿದ್ದ ಬೇಸಿಗೆಯ ಟೈರನ್ನೂ ಸವರಿದ. ಹುಬ್ಬು ಗಂಟಿಕ್ಕಿತು.

"ಇದ್ಯಾರು ಓಡಿಸೋದು? ಏಳು ವರ್ಷ ಆಗಿದೆ, ಸವೆದೇ ಇಲ್ಲ! ಇದು ದುಡಿದು ಸತ್ತಿದ್ದಲ್ಲ, ವಯಸ್ಸಾಗಿ ಸತ್ತಿದ್ದು. ಯಾರೋ ಪುಣ್ಯಾತ್ಮರು ಭಾನುವಾರ ಚರ್ಚಿಗೆ ಹೋಗ್ಬಂದಿದಾರೆ ಅಷ್ಟೆ. ಮನೇಲಿ ಇಬ್ರು ಓಡಿಸ್ತೀರಾ?"

ಬೇಸಿಗೆಯಲ್ಲಿ ಕಾರು ಗಂಡನ ಕೈಯಲ್ಲಿ. ಹಿಮದ ಬೆಳಕು ಕಣ್ಣು ಕುಕ್ಕುತ್ತದೆಂದು ಎರ್ವಿನ್ ಚಳಿಗಾಲವಿಡೀ ರೈಲಿನಲ್ಲೇ ಓಡಾಡುತ್ತಿದ್ದ. ಆ ತಿಂಗಳುಗಳಲ್ಲಿ ಕಾರು ಮುಟ್ಟುತ್ತಿದ್ದದ್ದು ಗುಡ್ರುನ್ ಒಬ್ಬಳೇ. ಗುರುವಾರ ಗುರುವಾರ, ಗುಡ್ಡದ ಮೇಲಿನ ತವರಿಗೆ.

"ಗುಡ್ರುನ್... ಅಮ್ಮನ ಮನೆಗೆ ಒಂದು ಗಂಟೆ ಹಿಡಿಯುತ್ತೆ ಅಂತಿದ್ದೆ?"

"ಇಪ್ಪತ್ತೆರಡು ನಿಮಿಷ. ಉಳಿದಿದ್ದರಲ್ಲಿ ಗೆಳತಿ ಮನೇಲಿ ಕಾಫಿ, ಕೇಕು."

"ಇಪ್ಪತ್ತೆರಡಾ! ನನಗೆ ಐವತ್ತಾಗುತ್ತೆ!"

"ಗೊತ್ತು ಕಣೋ. ಪಕ್ಕದಲ್ಲಿ ಕೂತು ಎರಡು ಸ್ವೆಟರ್ ಹೆಣೆದು ಮುಗಿಸಿದೀನಿ."

ಬೋಸಿಂಗರ್ ಕುರ್ಚಿಯೊಂದನ್ನು ಒರೆಸಿ ಗುಡ್ರುನ್‌ಗೆ ಹಾಕಿದ. ಆಮೇಲೆ ಅವನು ಎರ್ವಿನ್ ಕಡೆ ತಿರುಗಿ ನೋಡಿದ್ದು ಕಡಿಮೆ.

"ನಿಮ್ಮ ಓಟಕ್ಕೆ ಸರ್ವಋತು ಸಾಲಲ್ಲ ಮೇಡಂ. ಬೇಸಿಗೆಗೊಂದು, ಚಳಿಗೊಂದು, ಎರಡೂ ಹೊಸದು ಬೇಕು. ಗದ್ದಲ ಸ್ವಲ್ಪ ಜಾಸ್ತಿ, ಪರವಾಗಿಲ್ವಾ?"

"ಗದ್ದಲಕ್ಕೇನು? ಹಿಡಿತ ಇರ್ಲಿ."

ಮುಳುಗುತ್ತಿದ್ದ ಎರ್ವಿನ್‌ಗೆ ಒಂದು ಹುಲ್ಲುಕಡ್ಡಿ ಕಂಡಿತು. "ಮತ್ತೆ ನಿನ್ನ ಜಾಮು? ಟೈರಿದ್ರೆ ಜಾಗ ಎಲ್ಲಿದೆ?"

"ಜಾಮು ನೆಲಮಾಳಿಗೇಲೇ ಇರುತ್ತೆ. ಟೈರು ನಿನ್ನ ಓದೋ ಕೋಣೆಗೆ. ಇನ್ನು ಓದೋದೇನಿದೆ ಅಲ್ಲಿ?"

ಅವನ ಕೈಯಲ್ಲಿ ಆರು ವಾರದ ಪಟ್ಟಿ ಬಾಡಿತು. ಬೋಸಿಂಗರ್‌ಗೆ ಮರುಕ ಬಂತೋ, ವ್ಯಾಪಾರ ಕಂಡಿತೋ. ಪಟ್ಟಿ ಇಸಿದುಕೊಂಡು ಗಂಭೀರವಾಗಿ ಓದಿದ.

"ಒಳ್ಳೇ ಕೆಲಸ ಸ್ವಾಮಿ, ನೀವು ಆರಿಸಿರೋ ಟೈರೂ ಅಪ್ಪಟ. ನಿಧಾನಸ್ಥರಿಗೆ ಅದನ್ನ ಮೀರಿಸಿದ್ದಿಲ್ಲ. ನೋಡಿ, ಹಿತ್ತಲಲ್ಲಿ ಒಂದು ಪುಟ್ಟ ಕಾರು ಮಾರಾಟಕ್ಕಿದೆ, ಅರವತ್ತು ಕುದುರೆ. ಈ ಟೈರಿಗೆ ಹೇಳಿ ಮಾಡಿಸಿದ ಹಾಗಿದೆ."

ಗಂಡನ ಮಾನವನ್ನು ಹೆಂಡತಿಯಾದರೂ ಕಾಯಬಹುದೆಂದು ಎರ್ವಿನ್ ಅವಳ ಮುಖ ನೋಡಿದ. ಅವಳ ಬೆರಳಲ್ಲಿ ಕೆಂಪು ಕಾರಿನ ಕೀಲಿ ತಿರುಗುತ್ತಿತ್ತು.

"ಹೋಗಿ ಕೂತು ನೋಡು ಮಾರಾಯ," ಎಂದಳು ಗುಡ್ರುನ್ ಅಕ್ಕರೆಯಿಂದ, "ತಲೆ ತಾಗುತ್ತಾ ಅಂತ."