ಹಡಗಿನಲ್ಲಿ ಒಂದು ಖೋಲಿ

ಕೆಲವರಿಗೆ ಸಿಟ್ಟು ಬೇಗ ಬರುತ್ತದೆ, ಕೆಲವರಿಗೆ ನಿದ್ದೆ ಬೇಗ ಬರುತ್ತದೆ. ನನಗೆ ಬೇಗ ಬರುವುದು ಸಂಶಯ. ಎರಡು ವಸ್ತುಗಳನ್ನು ಮುಂದಿಟ್ಟು 'ಯಾವುದು ಬೇಕು?' ಎಂದು ಯಾರಾದರೂ ಕೇಳಿದರೆ ಸಾಕು, ಮೂರನೆಯದೊಂದು ಇದೆಯೇ ಎಂದು ಕೇಳಿಬಿಡುತ್ತೇನೆ. ತಮಾಷೆಯೆಂದರೆ ನನ್ನ ಹೊಟ್ಟೆಪಾಡು ನಡೆಯುವುದೇ ಬನಹಟ್ಟಿಯ ಒಂದು ಸೀರೆ ಅಂಗಡಿಯಿಂದ. ಕಪಾಟಿನ ಸೀರೆಗಳನ್ನೆಲ್ಲ ಕೆಳಗಿಳಿಸಿ, ಬಿಚ್ಚಿಸಿ, ಹೆಗಲ ಮೇಲೆ ಹಾಕಿ ನೋಡಿ, ಕೊನೆಗೆ ಮೊಟ್ಟಮೊದಲು ತೋರಿಸಿದ ಸೀರೆಯನ್ನೇ ಕಟ್ಟಿಸಿಕೊಂಡು ಹೋಗುವ ಗಿರಾಕಿಗಳನ್ನು ಕಂಡು ಮನಸ್ಸಿನೊಳಗೇ ನಕ್ಕಿದ್ದೇನೆ. ಅವರು ಮಧ್ಯಾಹ್ನದೊಳಗೆ ಒಂದು ತೀರ್ಮಾನಕ್ಕಾದರೂ ಬರುತ್ತಾರೆ. ಮನೆಗೊಂದು ಮಿಕ್ಸರ್ ತರಬೇಕೆಂದು ಹೊರಟ ನಾನು ಜಮಖಂಡಿ ನೋಡಿದೆ, ಮುಧೋಳ ನೋಡಿದೆ, ಇನ್ನೂ ಛಲೋ ಸಿಕ್ಕೀತೆಂದು ವಿಜಯಪುರಕ್ಕೂ ಹೋಗಿ ಬಂದೆ. ಕೊನೆಗೆ ನನ್ನ ಹೆಂಡತಿ ಸುಮಿತ್ರಾ, "ಇನ್ನ ಬ್ಯಾಡ ಬಿಡ್ರಿ, ಒಳಕಲ್ಲಿನ್ಯಾಗ ರುಬ್ಬಿ ರುಬ್ಬಿ ನನ್ನ ರಟ್ಟಿ ಗಟ್ಟಿ ಆಗ್ಯಾವು" ಎಂದಳು. ಅದನ್ನು ಹೊಗಳಿಕೆ ಎಂದುಕೊಂಡು ಸುಮ್ಮನಾದೆ.

ಇಂಥ ನನ್ನ ಕೈಗೆ ಹಡಗಿನ ಪ್ರವಾಸ ಗೊತ್ತುಮಾಡುವ ಕೆಲಸ ಬಂತು. ಅದು ಬಂದದ್ದು ಗಂಗಕ್ಕನಿಂದ. ಗಂಗಕ್ಕ ಸುಮಿತ್ರಾಳ ಅಕ್ಕ, ಹುನ್ನೂರಿನಲ್ಲಿದ್ದವರು. ಸುಮಿತ್ರಾ ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡಿದ್ದರಿಂದ ಅವಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ತಂದೆಯ ಕುರಿಹಿಂಡಿನ ಹಿಂದೆ ತಿರುಗಿದವರು. ತಂಗಿಯನ್ನು ಬೆಳೆಸುವ ಗದ್ದಲದಲ್ಲಿ ತಮ್ಮ ಮದುವೆಯ ವಿಷಯವೇ ಅವರಿಗೆ ನೆನಪಾಗಲಿಲ್ಲವೋ, ನೆನಪಾದರೂ ಬೇಡವೆಂದರೋ, ಯಾರೂ ಕೇಳಿಲ್ಲ. ತಾಯಿಯ ಸ್ಥಾನದಲ್ಲಿ ನಿಂತು ಧಾರೆ ಎರೆಸಿದವರಾದ್ದರಿಂದ ನನ್ನನ್ನು 'ಅಳಿಯಾರ' ಎಂದೇ ಕರೆಯುತ್ತಾರೆ. ಈ ಗಂಗಕ್ಕನಿಗೆ ಹೋದ ವರ್ಷ ಹೊಸ್ತಿಲು ಎಡವುವುದು, ಪಕ್ಕದಲ್ಲಿ ಬಂದು ನಿಂತವರು ಕಾಣದಿರುವುದು ಶುರುವಾಯಿತು. ಮುಧೋಳದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿದೆ, ನೋಟ ಅಂಚಿನಿಂದ ಕಿರಿದಾಗುತ್ತ ಬಂದಿದೆ, ಹೋದದ್ದು ತಿರುಗಿ ಬರುವುದಿಲ್ಲ, ಇರುವುದನ್ನು ಹನಿ ಔಷಧಿ ಹಾಕಿ ಆದಷ್ಟು ದಿನ ಕಾಯ್ದುಕೊಳ್ಳಬೇಕು ಎಂದರು. ಸುಮಿತ್ರಾ ಅಕ್ಕನನ್ನು ಹುನ್ನೂರಿಗೆ ಕಳಿಸಲಿಲ್ಲ. ನಮ್ಮಲ್ಲಿಗೇ ಕರೆತಂದು ಮುಂಜಾನೆ ಸಂಜೆ ತಾನೇ ಹನಿ ಹಾಕತೊಡಗಿದಳು. ಒಂದು ಮುಂಜಾನೆ ಹನಿ ಹಾಕುತ್ತಲೇ ಕೇಳಿದಳು: "ಅಕ್ಕಾ, ಏನರ ನೋಡೂ ಆಸೆ ಐತೇನ ನಿನಗ? ಕಾಶಿಗಿ ಹೋಗೂಣೇನ?"

ಗಂಗಕ್ಕ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟರು. "ಹಡಗಿನ್ಯಾಗ ಕುಂಡ್ರಬೇಕವ್ವಾ."

ನಾನು ಪೇಪರು ಓದುತ್ತಿದ್ದವನು ತಲೆ ಎತ್ತಿದೆ. ಸಮುದ್ರ ನೋಡುವುದಾದರೆ ಕಾರವಾರಕ್ಕೋ ಗೋವಾಕ್ಕೋ ಹೋದರಾಯಿತಲ್ಲ ಎಂದೆ.

"ದಂಡಿಗಿ ನಿಂತ ನೋಡೂದ ಬ್ಯಾಡ್ರಿ ಅಳಿಯಾರ," ಎಂದರು ಗಂಗಕ್ಕ. "ಕುರಿ ಕಾಯಕೋಂತ ಹೊಳಿ ದಂಡ್ಯಾಗ ನಿಂತ ನಿಂತ ಸಾಕಾಗೇತಿ. ಚಿಕ್ಕಪಡಸಲಗಿ ಕಡೆ ಹಿಂಡ ಹೊಡಕೊಂಡ ಹೋದಾಗೆಲ್ಲಾ ನಮ್ಮಪ್ಪಗ ಕೇಳತಿದ್ದೆ, ಈ ನೀರ ಎಲ್ಲಿಗಿ ಹೋಗತೈತಿ ಅಂತ. ಸಮುದ್ರಕ್ಕ ಅಂತಿದ್ದ. ಅಲ್ಲಿ ಏನ ಐತಿ ಅಂದ್ರ, ನನಗೇನ ಗೊತ್ತವ್ವಾ, ನಮ್ಮ ಕುರಿ ಅಲ್ಲೀತನಕ ಮೇಯಾಕ ಹೋಗಂಗಿಲ್ಲ ಅಂತಿದ್ದ. ಒಮ್ಮೆ ನೀರಿನ ನಟ್ಟನಡುವ ಹೋಗಿ ನೋಡಬೇಕು."

ಸುಮಿತ್ರಾ ನನ್ನ ಕಡೆ ತಿರುಗಿದಳು. "ನೀವ ನೋಡ್ರಿ, ಹಡಗ ಹೆಂಗ ಬುಕ್ ಮಾಡತಾರಂತ." ಹೇಳಿದ್ದು ಅಷ್ಟೇ. ನನಗೆ ಹೀಗೆ ಹೇಳುವುದೆಂದರೆ ಬೆಕ್ಕಿಗೆ ಹಾಲು ಕಾಯಲು ಹೇಳಿದಂತೆ.

ಬುಕ್ ಮಾಡಲು ದಾರಿಗಳು ಬಹಳ ಇವೆಯೆಂದು ಆಗಲೇ ಗೊತ್ತಾದದ್ದು. ಹಡಗಿನ ಕಂಪನಿಯವರ ಜಾಲತಾಣದಲ್ಲಿ ನಾವೇ ಬುಕ್ ಮಾಡಬಹುದು. ಅವರಿಗೆ ಫೋನು ಮಾಡಿ ಹೇಳಬಹುದು. ಏಜೆಂಟರ ಹತ್ತಿರ ಹೋಗಬಹುದು. ಅಡುಗೆಯವರನ್ನೂ ಜೊತೆಗೆ ಕರೆದೊಯ್ಯುವ ಪ್ರವಾಸದ ಗುಂಪಿನವರೊಂದಿಗೆ ಸೇರಿಕೊಳ್ಳಬಹುದು. ಪಕ್ಕದ ಕಟ್‌ಪೀಸ್ ಅಂಗಡಿಯ ಮಲ್ಲಪ್ಪ ಇನ್ನೊಂದು ದಾರಿ ಹೇಳಿದ. "ಗಡಬಡಿ ಮಾಡಬ್ಯಾಡ್ರಿ. ಹಡಗ ಬಿಡೂ ಹೊತ್ತಿಗಿ ಖಾಲಿ ಉಳದ ಖೋಲಿ ಸೋವಿ ಕೊಡತಾರ. ಸಂಜಿ ಮುಂದ ಕಾಯಿಪಲ್ಲೆ ಕೊಟ್ಟಂಗ." ಮಲ್ಲಪ್ಪ ಕಂಡ ಅತಿ ದೊಡ್ಡ ನೀರು ಹಿಪ್ಪರಗಿ ಅಣೆಕಟ್ಟಿನದು. ಆದರೆ ವ್ಯಾಪಾರ ಯಾವುದಾದರೇನು, ಸಂಜೆ ಸಂಜೆಯೇ ಅಲ್ಲವೇ ಎಂದು ನನಗೂ ಅನ್ನಿಸಿತು. ಜಾಲತಾಣ ಮಾತ್ರ ಅದಕ್ಕೆ ವಿರುದ್ಧ ಹೇಳುತ್ತಿತ್ತು: ಬೇಗ ಬುಕ್ ಮಾಡಿದವರಿಗೆ ಒಳ್ಳೆಯ ಖೋಲಿ. ಖೋಲಿಗಳಲ್ಲೂ ಜಾತಿಗಳು. ಕಿಟಕಿಯೇ ಇಲ್ಲದ್ದು, ಕಿಟಕಿ ಇದ್ದೂ ತೆರೆಯಲು ಬಾರದ್ದು, ಬಾಲ್ಕನಿ ಇರುವುದು. ಹಡಗಿನ ಮೂತಿಯ ಕಡೆಗೋ, ಬಾಲದ ಕಡೆಗೋ, ಯಾವ ಅಂತಸ್ತಿನಲ್ಲೋ.

ನಾನು ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಖೋಲಿಯನ್ನು ತೆರೆದಿಟ್ಟು, ಅದನ್ನೇ ಮೊಬೈಲಿನಲ್ಲೂ ತೆಗೆದು, ಎರಡರಲ್ಲೂ ದರ ಒಂದೇ ಇದೆಯೇ ಎಂದು ತಾಳೆ ನೋಡುತ್ತಿದ್ದೆ. 'ಈ ಖೋಲಿಯನ್ನು ಈಗ ಇನ್ನೊಬ್ಬರು ನೋಡುತ್ತಿದ್ದಾರೆ' ಎಂದು ಪರದೆಯ ಮೇಲೆ ಬಂತು. ಯಾರಿರಬಹುದು ಆ ಪುಣ್ಯಾತ್ಮ? ನಾನು ಬೇರೆ ಖೋಲಿಗೆ ಹೋದರೆ ಅಲ್ಲಿಗೂ ಬಂದ. ಮಧ್ಯಾಹ್ನವೆಲ್ಲ ಅವನೊಂದಿಗೆ ಗುದ್ದಾಡಿದೆ. ಮೊಬೈಲಿನ ಚಾರ್ಜು ಮುಗಿದು ಅದು ಆರಿದ ಕೂಡಲೇ ಅವನೂ ಮಾಯವಾದ. ಅವನು ಯಾರೆಂದು ಆಗ ಗೊತ್ತಾಯಿತು. ಈ ಸಂಗತಿಯನ್ನು ಸುಮಿತ್ರಾಳಿಗೆ ಹೇಳಿಲ್ಲ, ನೀವೂ ಹೇಳಬೇಡಿ. ಬಹಳ ಹೊತ್ತು ಏನನ್ನೂ ಒತ್ತದೆ ಕುಳಿತರೆ ಜಾಲತಾಣಕ್ಕೇ ಬೇಸರ ಬಂದು 'ನೀವು ಇನ್ನೂ ಇದ್ದೀರಾ?' ಎಂದು ಕೇಳುತ್ತಿತ್ತು. ಇದ್ದೇನಪ್ಪಾ, ವಿಚಾರ ಮಾಡುತ್ತಿದ್ದೇನೆ ಎನ್ನಲು ಅಲ್ಲಿ ಗುಂಡಿ ಇರಲಿಲ್ಲ.

ಇದರ ಮೇಲೆ ಇನ್ನೊಂದು ತೊಡಕನ್ನು ನಾನೇ ಹುಡುಕಿ ತೆಗೆದೆ. ಹಡಗು ಹೊರಡುವುದು ಮುಂಬೈಯಿಂದ, ಪಶ್ಚಿಮದ ಸಮುದ್ರಕ್ಕೆ. ಆದರೆ ನಮ್ಮ ಕೃಷ್ಣೆ ಹೋಗಿ ಸೇರುವುದು ಪೂರ್ವದ ಸಮುದ್ರವನ್ನು. ಗಂಗಕ್ಕ ಕೇಳಿದ ನೀರೇ ಬೇರೆ, ನಾವು ತೋರಿಸಹೊರಟದ್ದೇ ಬೇರೆ! ಚೆನ್ನೈಯಿಂದ ಹಡಗುಗಳಿವೆಯೇ ಎಂದು ಮತ್ತೆ ಮೊದಲಿನಿಂದ ಹುಡುಕತೊಡಗಿದೆ. ಊಟಕ್ಕೆ ಕುಳಿತಾಗ ಈ ಸಮಸ್ಯೆಯನ್ನು ಗಂಭೀರವಾಗಿ ಗಂಗಕ್ಕನ ಮುಂದಿಟ್ಟೆ. ಅವರು ರೊಟ್ಟಿ ಮುರಿಯುತ್ತ ಕೇಳಿದರು: "ಎರಡೂ ಸಮುದ್ರ ಒಂದಕ್ಕೊಂದ ಕೂಡಿರತಾವೇನ್ರಿ?"

"ಹೌದ್ರಿ ಅಕ್ಕಾರ, ಕೆಳಗ ಹೋಗಿ ಕೂಡತಾವು."

"ಹಂಗಾದ್ರ ಯಾವ ಬಾಗಲದಿಂದ ಒಳಗ ಹೊಕ್ಕರೇನ್ರಿ, ಮನಿ ಒಂದ ಅಲ್ಲ?"

ಸುಮಿತ್ರಾ ನಗಲಿಲ್ಲ. ಅವಳು ಅಕ್ಕನ ಎಡಗೈಯನ್ನೇ ನೋಡುತ್ತಿದ್ದಳು. ಆ ಕೈ ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಹುಡುಕುತ್ತಿತ್ತು. ತಂಬಿಗೆ ಅವರ ಮೊಣಕಾಲಿನ ಹತ್ತಿರವೇ ಇತ್ತು. ಕೈ ಅದಕ್ಕೆ ತಾಕಿ ತಂಬಿಗೆ ಉರುಳಿತು, ನೀರು ನನ್ನ ತಟ್ಟೆಯವರೆಗೆ ಹರಿದು ಬಂತು. ಗಂಗಕ್ಕ, "ಅಯ್ಯ, ಇಲ್ಲೇ ಇತ್ತೇನ ಇದು!" ಎಂದು ತಾವೇ ನಕ್ಕು ಸೆರಗಿನಿಂದ ಒರೆಸಹೋದರು. ಹೋದ ತಿಂಗಳು ಅದೇ ಜಾಗದಲ್ಲಿಟ್ಟ ತಂಬಿಗೆ ಅವರಿಗೆ ಕಾಣುತ್ತಿತ್ತು.

ಊಟವಾದ ಮೇಲೆ ಸುಮಿತ್ರಾ ಹಿತ್ತಲಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಜಗಳಕ್ಕೆಂದು ತಿಳಿದು ನಾನು ಸಿದ್ಧನಾದೆ. ಅವಳ ದನಿ ಏರಲಿಲ್ಲ.

"ಇನ್ನ ಎಷ್ಟ ವಿಚಾರ ಮಾಡತೀರಿ?" ಎಂದಳು. "ಸ್ವಸ್ತದ ಖೋಲಿ ಬರೂತನಕ ಅಕ್ಕನ ಕಣ್ಣ ಕಾಯತಾವೇನ್ರಿ? ನನಗ ಜಗತ್ತೆಲ್ಲಾ ತೋರಿಸಿದಾಕಿ ಆಕಿ. ಆಕಿಗಿ ಒಂದ ಸಮುದ್ರ ತೋರಸಾಕ ನಮಗ ಆಗವಲ್ದು."

ನಾನು ಆರಿಸುತ್ತಿದ್ದದ್ದು ಖೋಲಿಯನ್ನು. ಅವಳು ನೋಡುತ್ತಿದ್ದದ್ದು ದಿನದಿನಕ್ಕೆ ಮುಚ್ಚುತ್ತಿದ್ದ ಒಂದು ಬಾಗಿಲನ್ನು. ಆ ಮಧ್ಯಾಹ್ನ ಅಂಗಡಿಗೂ ಹೋಗದೆ ಬೆಳಗಾವಿಯ ಒಂದು ಪ್ರವಾಸದ ಕಚೇರಿಗೆ ಫೋನು ಹಚ್ಚಿದೆ. ಹೆಣ್ಣುಮಗಳೊಬ್ಬಳು ಎತ್ತಿದಳು. ಸುಮ್ಮನೆ ಬುಕ್ ಮಾಡಿ ಎಂದು ಹೇಳಲು ಹೋದವನು, ಹುಟ್ಟುಗುಣ ನೋಡಿ, ನಿಮ್ಮ ಕಡೆ ಮಾಡಿಸಿದರೆ ಲಾಭವೋ ನಾವೇ ಮಾಡಿಕೊಂಡರೆ ಲಾಭವೋ, ರದ್ದು ಮಾಡಿದರೆ ಹೇಗೆ, ಬಾಲ್ಕನಿ ಎಡಕ್ಕಿದ್ದರೆ ಚೆಂದವೋ ಬಲಕ್ಕೋ ಎಂದು ಶುರುಮಾಡಿಬಿಟ್ಟೆ. ಪಾಪ, ಅವಳು ಎಲ್ಲದಕ್ಕೂ ಸಮಾಧಾನದಿಂದ 'ಅದು ನಿಮ್ಮ ಇಷ್ಟರೀ ಸರ್' ಎನ್ನುತ್ತಿದ್ದಳು. ಪಕ್ಕದಲ್ಲಿ ಕುಳಿತಿದ್ದ ಗಂಗಕ್ಕ ಸಾಕಷ್ಟು ಹೊತ್ತು ಕೇಳಿ, "ಒಂದೀಟ ಇಲ್ಲಿ ಕೊಡ್ರಿ" ಎಂದು ಫೋನು ಇಸಿದುಕೊಂಡರು.

"ಯವ್ವಾ ತಂಗಿ, ನಿಮ್ಮವ್ವ ಅದಾಳೇನ?"

"ಅದಾರ್ರೀ ಅಜ್ಜಿ."

"ನಿಮ್ಮವ್ವಗ ನನ್ನಂಗ ಕಣ್ಣ ಮಂದ ಆಗಿ, ನೀ ಆಕೀನ ಹಡಗಿನ್ಯಾಗ ಕರಕೊಂಡ ಹೊಂಟಿದ್ರ ಯಾವ ಖೋಲಿ ಹಿಡೀತಿದ್ದಿ?"

ಅತ್ತ ಕಡೆ ಆ ಹುಡುಗಿಯ ದನಿಯೇ ಬದಲಾಯಿತು. ಕಚೇರಿಯ ಮಾತು ಹೋಗಿ ಮನೆಯ ಮಾತು ಬಂತು. "ಮಳಿಗಾಲ ಮುಗೀಲಿ ಅಜ್ಜಿ, ಆಗ ಸಮುದ್ರ ಶಾಂತ ಇರತೈತಿ. ಹಡಗಿನ ನಡುವ, ಕೆಳಗಿನ ಅಂತಸ್ತಿನ್ಯಾಗ, ಕಿಡಕಿ ಇರೂ ಖೋಲಿ ಹಿಡೀತಿದ್ದೆ. ಅಲಗಾಡೂದ ಕಡಿಮಿ. ಬಾಲ್ಕನಿ ಹಿಡೀತಿದ್ದಿಲ್ಲ. ನಮ್ಮವ್ವ ಖೋಲ್ಯಾಗ ಒಬ್ಬಾಕಿನ ಕುಂಡ್ರೂ ಪೈಕಿ ಅಲ್ಲ, ಮ್ಯಾಲ ಎಲ್ಲಾರೂ ಕೂಡೂ ಜಾಗಾಕ್ಕ ಹೋಗಿ ನಾಕ ಮಂದೀನ ಮಾತಾಡಿಸಕೋಂತ ಕುಂಡ್ರಾಕಿ."

"ನಾನೂ ಅದ ಪೈಕಿ," ಎಂದರು ಗಂಗಕ್ಕ. "ಅದನ್ನ ಹಿಡದ ಬಿಡು."

ಹೀಗೆ, ನಾನು ವಾರಗಟ್ಟಲೆ ಮಾಡಲಾಗದ ಕೆಲಸ ಚಹಾ ಆರುವುದರೊಳಗೆ ಮುಗಿದುಹೋಯಿತು. ಹಡಗು ಬುಕ್ ಮಾಡುವ ಅತ್ಯುತ್ತಮ ವಿಧಾನ ಯಾವುದೆಂದು ಈಗ ಯಾರಾದರೂ ನನ್ನನ್ನು ಕೇಳಿದರೆ ಹೇಳುತ್ತೇನೆ: ಎಲ್ಲಿ ಬೇಕಾದರೂ ಮಾಡಿ, ಆದರೆ ಮಾರುವವರಿಗೆ ಅವರ ತಾಯಿಯ ನೆನಪು ಮಾಡಿಕೊಟ್ಟು ಮಾಡಿ.

ದೀಪಾವಳಿ ಮುಗಿಸಿ ಹೊರಟೆವು. ಮುಂಬೈಯ ಬಂದರಿನಲ್ಲಿ ಹಡಗನ್ನು ಕಂಡ ಗಂಗಕ್ಕ ತಲೆ ಎತ್ತಿ, ಇನ್ನೂ ಎತ್ತಿ, "ಇದರಾಗ ಹುನ್ನೂರ ಪೂರಾ ಹಿಡೀತೈತಿ, ದನಾ ಕರಾ ಸಮೇತ" ಎಂದರು. ನಮ್ಮ ಖೋಲಿ ಆ ಹುಡುಗಿ ಹೇಳಿದಂತೆಯೇ ಇತ್ತು. ಸಮುದ್ರವೂ ಅವಳ ಮಾತಿನಂತೆ ಶಾಂತವಾಗಿತ್ತು. ಶಾಂತವಾಗಿರದಿದ್ದವನು ನಾನೊಬ್ಬನೇ. ಹಡಗು ದಡ ಬಿಟ್ಟು ಊಟದ ಗಂಟೆ ಹೊಡೆಯುವ ಹೊತ್ತಿಗೆ ನನ್ನ ಹೊಟ್ಟೆ ಗಂಟಲಿಗೆ ಬಂದಿತ್ತು. ಜನ ಇಪ್ಪತ್ತು ಬಗೆಯ ಪಲ್ಲೆಗಳ ಮುಂದೆ ತಟ್ಟೆ ಹಿಡಿದು ನಿಂತಿದ್ದರೆ ನಾನು ಒಂದು ಕಾಗದದ ಚೀಲ ಹಿಡಿದು ಮಲಗಿದ್ದೆ. ಗಂಗಕ್ಕ ಬೆನ್ನು ಸವರುತ್ತ, "ಹಸಿ ಮೇವ ಹೆಚ್ಚಾದ್ರ ಕುರಿಮರೀನೂ ಹಿಂಗ ಮಾಡತಾವು, ಅಂಜಬ್ಯಾಡ್ರಿ" ಎಂದು ಶುಂಠಿ ತುಂಡು ಬಾಯಿಗಿಟ್ಟರು. ಗಂಗಕ್ಕನ ಕೈಯಲ್ಲಿ ಸಾಕಿಸಿಕೊಳ್ಳುವ ಸುಖ ಏನೆಂದು ಸುಮಿತ್ರಾಳಿಗೆ ಯಾವಾಗಲೋ ಗೊತ್ತಿತ್ತು, ನನಗೆ ಅಂದು ಗೊತ್ತಾಯಿತು.

ಮರುದಿನ ಮುಂಜಾನೆ ಗಾಳಿಗೆ ಹೋದರೆ ಹಗುರವಾದೀತೆಂದು ಅಕ್ಕತಂಗಿಯರಿಬ್ಬರೂ ಸೇರಿ ನನ್ನನ್ನು ಮೇಲಿನ ಅಂಗಳಕ್ಕೆ ಎಬ್ಬಿಸಿಕೊಂಡು ಹೋಗಿ ಒಂದು ಕುರ್ಚಿಯಲ್ಲಿ ಒರಗಿಸಿದರು. ದಡ ಎಲ್ಲೂ ಕಾಣುತ್ತಿರಲಿಲ್ಲ. ಗಂಗಕ್ಕ ಕಂಬಿ ಹಿಡಿದು ನಿಂತರು. ಅವರ ನೋಟ ಈಗ ಕೊಳವೆಯೊಳಗಿಂದ ನೋಡಿದಷ್ಟೇ. ಹಾಗಾಗಿ ಕತ್ತನ್ನು ಎಡಗಡೆಯಿಂದ ಬಲಗಡೆಗೆ ನಿಧಾನವಾಗಿ ತಿರುಗಿಸುತ್ತ, ನಡುನಡುವೆ ನಿಲ್ಲಿಸುತ್ತ, ಹೊಲದ ಸಾಲು ನೋಡುವವರಂತೆ ನೋಡತೊಡಗಿದರು. ಸುಮಿತ್ರಾ ಅವರ ಹಿಂದೆ, ಸೆರಗು ಗಾಳಿಗೆ ಹಾರದಂತೆ ಹಿಡಿದು ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಗಂಗಕ್ಕ ಮಾತಾಡಿದರು.

"ಸುಮಿ, ನನಗ ಪೂರಾ ಒಮ್ಮೆಕಲೆ ಕಾಣವಲ್ದು ಬೇ. ತುಂಡ ತುಂಡ ಕಾಣತೈತಿ."

ಸುಮಿತ್ರಾ ಹಿಡಿದಿದ್ದ ಸೆರಗನ್ನು ಅಕ್ಕನ ಹೆಗಲಿಗೆ ಇನ್ನಷ್ಟು ಬಿಗಿಯಾಗಿ ಸುತ್ತಿದಳು.

"ನಿನಗ ಪೂರಾ ಕಾಣತೈತೇನ?" ಎಂದು ಗಂಗಕ್ಕ ಕೇಳಿದರು.

ಸುಮಿತ್ರಾ ಆಚೆ ನೋಡಿದಳು, ಈಚೆ ನೋಡಿದಳು, ಹಿಂದೆ ತಿರುಗಿಯೂ ನೋಡಿದಳು. ಎಲ್ಲ ಕಡೆಯೂ ನೀರು. "ಇಲ್ಲಕ್ಕಾ," ಎಂದಳು. "ನನಗೂ ಪೂರಾ ಕಾಣವಲ್ದು."

"ಹಂಗಾದ್ರ ಇಬ್ರಿಗೂ ಸರೀನ ಆತ ಬಿಡು," ಎಂದು ಗಂಗಕ್ಕ ಸಮಾಧಾನದಿಂದ ಮತ್ತೆ ನೀರಿನ ಕಡೆ ತಿರುಗಿದರು. ತಂಗಿ ಅಕ್ಕನ ಹೆಗಲ ಮೇಲೆ ಗದ್ದ ಊರಿ ನಿಂತಳು. ನಾನು ಕಾಗದದ ಚೀಲವನ್ನು ಮುಖಕ್ಕೆ ಹಿಡಿದುಕೊಂಡೆ. ನೋಡಿದವರು ವಾಂತಿ ಎಂದುಕೊಂಡಿರಬೇಕು. ಹಾಗೆಂದುಕೊಂಡದ್ದೇ ಒಳ್ಳೆಯದಾಯಿತು.

ತಿರುಗಿ ಬರುವಾಗ ನಮ್ಮ ಬಸ್ಸು ಕೊಲ್ಲಾಪುರದ ಆಚೆ ಒಂದು ಧಾಬಾದ ಮುಂದೆ ಚಹಾಕ್ಕೆ ನಿಂತಿತು. ಕಾಲ ಕೆಳಗಿನ ನೆಲ ಅಲುಗಾಡದೆ ಇರುವುದು ಎಷ್ಟು ದೊಡ್ಡ ಗುಣವೆಂದು ನಾನು ಮೆಚ್ಚುತ್ತಿರುವಾಗ ಗಂಗಕ್ಕ ಬಸಿಯೊಳಗಿನ ಚಹಾ ಊದುತ್ತ, "ವಿಮಾನದಾಗೊಮ್ಮೆ ಕುಂಡ್ರಬೇಕು ನೋಡ" ಎಂದರು.

"ಎಲ್ಲಿಗಿ ಹೋಗಾಕಕ್ಕಾ?" ಎಂದಳು ಸುಮಿತ್ರಾ.

"ಎಲ್ಲಿಗಂತ ಇಲ್ಲ. ಮ್ಯಾಲಕ್ಕ."

ವಿಮಾನದ ವಿಷಯದಲ್ಲಿ ಅವಸರ ಸಲ್ಲದು, ಬೆಳಗಾವಿಯಿಂದ ಹೋಗುವುದೋ ಹುಬ್ಬಳ್ಳಿಯಿಂದಲೋ, ಮುಂಜಾನೆಯದೋ ಸಂಜೆಯದೋ, ಎಲ್ಲ ಕೂಲಂಕಷವಾಗಿ ನೋಡಬೇಕಾಗುತ್ತದೆ ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸುಮಿತ್ರಾ ನನ್ನ ಅಂಗಿಯ ಕಿಸೆಯಿಂದ ಫೋನು ತೆಗೆದು ಬೆಳಗಾವಿಯ ಆ ಹುಡುಗಿಯೊಂದಿಗೆ ಮಾತಾಡತೊಡಗಿದ್ದಳು. ನಾನು ನನ್ನ ಚಹಾ ಮುಗಿಸುವುದರೊಳಗೆ ಕಿಟಕಿಯ ಸೀಟು ಗಂಗಕ್ಕನಿಗೂ, ನಡುವಿನದು ಸುಮಿತ್ರಾಳಿಗೂ ಗೊತ್ತಾಗಿ, ನನಗೆಂದು ಓಡಾಡುವ ದಾರಿಗೆ ಹತ್ತಿದ, ಸಂಡಾಸಿಗೆ ಸಮೀಪದ ಸೀಟು ಹಿಡಿದಾಗಿತ್ತು. ಆ ಸೀಟಿನ ಬಗ್ಗೆ ಮಾತ್ರ ನನಗೆ ಯಾವ ಸಂಶಯವೂ ಬರಲಿಲ್ಲ.