ಏಳು ನಿಮಿಷದ ರೊಟ್ಟಿ

ಕಳೆದ ವರ್ಷ ಗಗನಾಳ ಕಿರುಚಿತ್ರಕ್ಕೆ ಮೇಷ್ಟ್ರು ಬರೆದದ್ದು ಒಂದೇ ಸಾಲು: 'ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ.' ಈ ವರ್ಷವೂ ಹಾಗಾದರೆ ವಿಶ್ವವಿದ್ಯಾಲಯದ ಸಿನಿಮಾ ಪದವಿ ಕೈತಪ್ಪಿದಂತೆಯೇ. ಹಾಗಾಗಿ ಆಕೆ ಕ್ಯಾಮೆರಾ ಹೊತ್ತು ಬನವಾಸಿಯ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಘೋಷಿಸಿದಳು. "ಅಜ್ಜಿ ರೊಟ್ಟಿ ತಟ್ಟೋದು, ಏಳು ನಿಮಿಷ, ಒಂದೂ ಕಟ್ ಇಲ್ಲದಂಗ ತಗೀತೀನಿ. ಯಾರೂ ನನ್ನ ಕಡೆ ನೋಡಂಗಿಲ್ಲ. ನಾಳೆ ಸಂಜಿಯೊಳಗ ಕಳಸಬೇಕು. ಮುಂಜಾನೆ ಅರ್ಧ ತಾಸಿನ್ಯಾಗ ಮುಗೀತೈತಿ."

ಜಗತ್ತಿನ ಸಿನಿಮಾ ಚರಿತ್ರೆಯನ್ನೇ ಅರೆದು ಕುಡಿದ ಈ ಮಹಾನಿರ್ದೇಶಕಿಗೆ ತನ್ನ ಮನೆಯ ಒಲೆಯ ಕಾನೂನು ಮರೆತುಹೋಗಿತ್ತು. ಒಲೆಯ ಮುಂದೆ ಯಾರು ನಿಂತಿರುತ್ತಾರೋ, ಹಂಚಿನಿಂದ ಇಳಿದ ಮೊದಲ ರೊಟ್ಟಿ ಅವರದು. ಅಜ್ಜಿ ಗುರುಶಾಂತವ್ವ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ಅದನ್ನು ಮುರಿದವಳಲ್ಲ.

ಮರುದಿನ ಬೆಳಿಗ್ಗೆ ಮೊದಲ ಟೇಕು ಎರಡನೇ ನಿಮಿಷಕ್ಕೇ ಕೆಟ್ಟಿತು. ಬೆಣ್ಣೆ ಸವರಿದ ಬಿಸಿ ಅಕ್ಕಿರೊಟ್ಟಿ ನೇರ ಲೆನ್ಸಿನ ಮುಂದೆ ಬಂತು. "ತಿನ್ನವ್ವ, ಆರತೈತಿ." ಗಗನಾ ತಿಂದಳು. ಎರಡನೆಯ ಟೇಕಿನಲ್ಲೂ ಬಂತು, ತಿಂದಳು. ಐದನೆಯದಕ್ಕೆ "ಹೊಟ್ಟಿ ತುಂಬೈತಿ ಅಜ್ಜಿ" ಎಂದಳು. ಮೊಮ್ಮಗಳ ಹೊಟ್ಟೆ ಕೆಟ್ಟಿತೆಂದು ಅಜ್ಜಿ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಓಮದ ನೀರು ತರಲು ಎದ್ದು ಹೋದಳು. ರೊಟ್ಟಿ ಕರಕಲಾಯಿತು. ಎಂಟನೆಯ ಟೇಕಿನಲ್ಲಿ ಬೆಣ್ಣೆ ಲೆನ್ಸಿಗೇ ಬಿತ್ತು. ಪಾಪ, ಅಜ್ಜಿ ತಾನೇ ಸೆರಗಿನಿಂದ ಒರೆಸಿದಳು. ಬೆಳಗಿನಿಂದ ಹಂಚು ಇಳಿಸುತ್ತಿದ್ದುದೂ ಅದೇ ಸೆರಗಿನಿಂದ. ಮಸಿ ತೆಗೆಯುವುದರಲ್ಲಿ ಮಧ್ಯಾಹ್ನವಾಯಿತು.

"ನಾ ಇಲ್ಲಿ ಇಲ್ಲ ಅನ್ಕೋ ಅಂತ ಎಷ್ಟು ಸಲ ಹೇಳ್ಲಿ ಅಜ್ಜಿ?"

"ಕಣ್ಣ ಮುಂದ ಇದ್ದಾಕಿನ್ನ ಇಲ್ಲ ಅಂತ ಹೆಂಗ ಅನ್ಕೊಳ್ಳಿ? ನೀ ಏನ್ ಸತ್ತೀಯೇನು?"

"ಹೂಂ, ಸತ್ತೀನಿ ಅಂತ ತಿಳ್ಕೋ. ನಿನ್ನ ರೊಟ್ಟಿನೂ ಬ್ಯಾಡ, ನೀ ನನ್ನ ನೋಡೋದೂ ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ತಾಯಿ ಪಾರ್ವತವ್ವ "ಗಗನಾ" ಎಂದಷ್ಟೇ ಅಂದಳು. ಅಜ್ಜಿ ಹಿಟ್ಟು ಮುಂದಕ್ಕೆಳೆದುಕೊಂಡು ತಟ್ಟತೊಡಗಿದಳು. ಏಳು ನಿಮಿಷ ಒಮ್ಮೆಯೂ ತಲೆ ಎತ್ತಲಿಲ್ಲ. ಮೊದಲ ರೊಟ್ಟಿ ಬುಟ್ಟಿಗೆ ಹೋಯಿತು. ಗಗನಾ ಅದನ್ನು ಕಂಡಳು. ಆದರೆ ಫೋಕಸ್ ಚೆನ್ನಾಗಿ ಕೂತಿತ್ತು, ಕ್ಯಾಮೆರಾ ನಿಲ್ಲಿಸಲಿಲ್ಲ.

ಸಂಜೆಯೇ ಕಳಿಸಿದಳು. ಮರುದಿನ ಬೆಳಿಗ್ಗೆ ಮೇಷ್ಟ್ರ ಫೋನು. "ಪಾಸ್ ಕಣಮ್ಮ. ಕ್ಯಾಮೆರಾ ಇದೆ ಅಂತಲೇ ಗೊತ್ತಾಗಲ್ಲ. ಆ ಮುಖ ನೋಡಿದರೆ ಮನೇಲಿ ಯಾರೋ ತೀರಿಕೊಂಡ ಹಾಗಿದೆ. ಅಷ್ಟು ದುಃಖ ಹೇಗೆ ತರಿಸಿದೆ?"

ಗಗನಾ ಫೋನಿಟ್ಟಳು. ಪಾಸಾದ ಖುಷಿಗಿಂತ ನಾಚಿಕೆಯೇ ಹೆಚ್ಚಾಗಿ, ಕ್ಯಾಮೆರಾ ಇಲ್ಲದೆ ಬರಿಗೈಯಲ್ಲಿ ಒಲೆಯ ಮುಂದೆ ಬಂದು ನಿಂತಳು. ಮೊದಲ ರೊಟ್ಟಿ ಹಂಚಿನಿಂದ ಇಳಿಯಿತು. ಅವಳು ಚಾಚಿದ ಕೈ ದಾಟಿ ಬುಟ್ಟಿ ಸೇರಿತು.

"ಅಜ್ಜಿ, ನನಗ?"

ಗುರುಶಾಂತವ್ವ ತಲೆ ಎತ್ತದೆ ಸೊಸೆಯನ್ನು ಕರೆದಳು.

"ಪಾರವ್ವಾ, ಇಲ್ಲಿ ಯಾರೋ ಮಾತಾಡಿದಂಗಾತು. ಯಾರರ ಬಂದಾರೇನು, ನೋಡು."